ನಿದ್ರೆಯಿಂದ ಏಳುವಾಗ ಕುಸಿಯುವ ಗಣಕಯಂತ್ರ: ವರ್ತಕರಿಗೊಂದು ದೋಷಶೋಧನೆಯ ಪಾಠ

ಕಿರ್ದಿ-ಖತಾವಣಿಗಳನ್ನು ಕೈಯಿಂದಲೇ ಬರೆಯುತ್ತಿದ್ದ ಕಾಲದಲ್ಲಿ ಮಧ್ಯಾಹ್ನದ ಊಟಕ್ಕೆ ಹೊರಡುವ ಗುಮಾಸ್ತರು ಪುಸ್ತಕವನ್ನು ಮುಚ್ಚಿಟ್ಟರೆ ಸಾಕಾಗುತ್ತಿತ್ತು. ಮರಳಿ ಬಂದು ತೆರೆದಾಗ ಬರೆದದ್ದು ಬರೆದಂತೆಯೇ ಇರುತ್ತಿತ್ತು. ಗಣಕಯಂತ್ರದ ವಿಷಯದಲ್ಲಿ ಇಂತಹ ಭರವಸೆ ಷರತ್ತುಬದ್ಧವಾದುದು. ಬಳಸದೆ ಬಿಟ್ಟ ಯಂತ್ರವು ತಾನಾಗಿಯೇ ನಿದ್ರಾಸ್ಥಿತಿಗೆ ಹೋಗುತ್ತದೆ. ಮೌಸ್ ಅಲುಗಿಸಿದಾಗ ಎಚ್ಚರಗೊಳ್ಳುತ್ತದೆ. ಎಚ್ಚರಗೊಳ್ಳುವ ಬದಲು ಕಪ್ಪು ಪರದೆಯನ್ನು ತೋರಿಸುತ್ತಾ ನಿಂತರೆ, ನೀಲಿ ಪರದೆಯಲ್ಲಿ ದೋಷಸಂಖ್ಯೆಯೊಂದನ್ನು ಮೂಡಿಸಿದರೆ ಅಥವಾ ಮೊದಲಿನಿಂದ ಪುನಃ ಪ್ರಾರಂಭವಾದರೆ, ಅದು ಕೇವಲ ಯಂತ್ರದ ತೊಂದರೆಯಾಗಿ ಉಳಿಯದೆ ಲೆಕ್ಕಪತ್ರದ ತೊಂದರೆಯಾಗುತ್ತದೆ.

ವಿಜಯನಗರ ಜಿಲ್ಲೆಯ ಹೂವಿನ ಹಡಗಲಿ ತಾಲ್ಲೂಕಿಗೆ ಸೇರಿದ ಹಿರೇಹಡಗಲಿಯಲ್ಲಿ ಬೀಜ-ಗೊಬ್ಬರ ಮಾರುವ ಅಂಗಡಿಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮುಂಗಾರಿನ ಮೆಕ್ಕೆಜೋಳದ ಬಿತ್ತನೆ ನಡೆದಿದೆ, ಅಂಗಡಿಯಲ್ಲಿ ಬಿಡುವಿಲ್ಲ. ತಿಂಗಳ 18ನೆಯ ತಾರೀಖು. 20ರೊಳಗೆ ಜಿಎಸ್‌ಟಿಆರ್-3ಬಿ ವಿವರಣಾಪತ್ರ ಸಲ್ಲಿಸಬೇಕು. ಊಟ ಮುಗಿಸಿ ಬಂದ ಮಾಲೀಕರು ಕೀಲಿಮಣೆ ಒತ್ತಿದಾಗ ಫ್ಯಾನು ತಿರುಗುತ್ತದೆ, ಕಂಪನಿಯ ಲಾಂಛನ ಮೂಡುತ್ತದೆ, ಬೆಳಿಗ್ಗೆ ತೆರೆದಿಟ್ಟಿದ್ದ ಯಾವ ಕಡತವೂ ಕಾಣುವುದಿಲ್ಲ. ಲೆಕ್ಕದ ತಂತ್ರಾಂಶಗಳು ಒಪ್ಪಿದ ವೋಚರನ್ನು ಸಾಮಾನ್ಯವಾಗಿ ಕೂಡಲೇ ಡಿಸ್ಕಿಗೆ ಬರೆಯುತ್ತವೆಯಾದರೂ, ಅರ್ಧ ತುಂಬಿದ ವೋಚರು, ಉಳಿಸದ ಸ್ಪ್ರೆಡ್‌ಶೀಟು ಹೋದಂತೆಯೇ ಸರಿ. ತೆರೆದಿದ್ದಾಗಲೇ ಕುಸಿದ ದತ್ತಾಂಶ ಕಡತವು ಕೆಡುವ ಸಂಭವವೂ ಉಂಟು.

ಇಂತಹ ಊರುಗಳಿಗೆ ತಂತ್ರಜ್ಞರು ಹೂವಿನ ಹಡಗಲಿಯಿಂದಲೋ ಹರಪನಹಳ್ಳಿಯಿಂದಲೋ ಬರಬೇಕಾದ ಸಂದರ್ಭಗಳೇ ಹೆಚ್ಚು. ಅವರು ಬರುವಷ್ಟರಲ್ಲಿ ವರ್ತಕರು ತಾವೇ ಮಾಡಬಹುದಾದ, ಮಾಡಲೇಬೇಕಾದ ಪರಿಶೀಲನೆಯ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ತಾಳೆಪಟ್ಟಿ ಹೊಂದದಿದ್ದಾಗ ಲೆಕ್ಕಿಗರು ಅನುಸರಿಸುವ ವಿಧಾನಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

1. ನಿದ್ರಾಸ್ಥಿತಿ ಎಂದರೇನು?

ಗಣಕಯಂತ್ರದ ವಿದ್ಯುತ್ ಸ್ಥಿತಿಗಳನ್ನು ನಿಯಂತ್ರಿಸುವ ‘ಎಸಿಪಿಐ’ ಎಂಬ ಮಾನದಂಡವನ್ನು ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರಲ್ಲಿ ಪ್ರಕಟಿಸಿದವು. ಇದರಲ್ಲಿ ವರ್ತಕರು ತಿಳಿಯಬೇಕಾದ ಸ್ಥಿತಿಗಳು ಮೂರು.

ಮೊದಲನೆಯದು ‘ಎಸ್3’, ಅಂದರೆ ಸಾಮಾನ್ಯ ನಿದ್ರೆ ಅಥವಾ ಸ್ಲೀಪ್. ಇದರಲ್ಲಿ ಪ್ರೊಸೆಸರ್, ಡಿಸ್ಕ್, ಪರದೆ ಎಲ್ಲವೂ ನಿಂತು, ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಗೆ ಮಾತ್ರ ಅಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಈ ವಿದ್ಯುತ್ತನ್ನು ಕ್ಯಾಬಿನೆಟ್ಟಿನೊಳಗಿನ ಎಸ್‌ಎಂಪಿಎಸ್ ತನ್ನ 5 ವೋಲ್ಟಿನ ‘ಸ್ಟ್ಯಾಂಡ್‌ಬೈ’ ತಂತಿಯ ಮೂಲಕ ಒದಗಿಸುತ್ತದೆ. ಅದು ಒಂದು ಕ್ಷಣ ತಪ್ಪಿದರೂ ಸ್ಮೃತಿಯಲ್ಲಿದ್ದುದೆಲ್ಲ ಅಳಿಯುತ್ತದೆ.

ಎರಡನೆಯದು ‘ಎಸ್4’, ಅಂದರೆ ಹೈಬರ್ನೇಟ್. ಇದರಲ್ಲಿ ಸ್ಮೃತಿಯಲ್ಲಿರುವುದನ್ನೆಲ್ಲ ಡಿಸ್ಕಿನ ಒಂದು ಕಡತಕ್ಕೆ ಬರೆದು ಯಂತ್ರವು ಪೂರ್ಣವಾಗಿ ನಿಲ್ಲುತ್ತದೆ. ನಡುವೆ ವಿದ್ಯುತ್ ಹೋದರೂ ಬರೆದಿಟ್ಟದ್ದು ಅಳಿಯುವುದಿಲ್ಲ.

ಮೂರನೆಯದು ‘ಎಸ್5’, ಅಂದರೆ ಶಟ್‌ಡೌನ್. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದ್ದು, ಶಟ್‌ಡೌನ್ ಒತ್ತಿದಾಗಲೂ ವಿಂಡೋಸಿನ ಒಳತಿರುಳು ಡಿಸ್ಕಿಗೆ ಬರೆಯಲ್ಪಟ್ಟು ಮರುದಿನ ಅಲ್ಲಿಂದಲೇ ಎದ್ದು ಬರುತ್ತದೆ. ಆದುದರಿಂದ ಯಂತ್ರವನ್ನು ನಿಜವಾಗಿ ಹೊಸದಾಗಿ ಪ್ರಾರಂಭಿಸಬೇಕಾದಾಗ ‘ರೀಸ್ಟಾರ್ಟ್’ ಆಯ್ಕೆಯನ್ನೇ ಬಳಸಬೇಕು, ಇಲ್ಲವೆ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್‌ಡೌನ್ ಮಾಡಬೇಕು.

ನಿದ್ರೆಯಿಂದ ಏಳುವ ಕೆಲವೇ ಕ್ಷಣಗಳಲ್ಲಿ ಅನೇಕ ಕಾರ್ಯಗಳು ಸರದಿಯಂತೆ ನಡೆಯುತ್ತವೆ. ಎಸ್‌ಎಂಪಿಎಸ್ ಪೂರ್ಣ ಹೊರೆ ಹೊರಬೇಕು. ಮದರ್‌ಬೋರ್ಡಿನ ಬಯೋಸ್ ಸ್ಮೃತಿಯನ್ನು ಕೆಡಿಸದೆ ಎಚ್ಚರಿಸಬೇಕು. ನಿಯಂತ್ರಣ ಪುನಃ ವಿಂಡೋಸ್ ಕೈಗೆ ಬರಬೇಕು. ಅನಂತರ ಡಿಸ್ಕ್, ಗ್ರಾಫಿಕ್ಸ್, ನೆಟ್‌ವರ್ಕ್, ಯುಎಸ್‌ಬಿ ಸಾಧನಗಳನ್ನು ಅವುಗಳ ಡ್ರೈವರ್ ತಂತ್ರಾಂಶಗಳು ಎಬ್ಬಿಸಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಹೊರಗೆ ಕಾಣುವ ಫಲ ಒಂದೇ: ಯಂತ್ರ ಏಳಲಿಲ್ಲ. ಫಲವು ಒಂದೇ ಆಗಿದ್ದು ಕಾರಣಗಳು ಅನೇಕವಾಗಿರುವುದರಿಂದಲೇ ಊಹೆಗಿಂತ ಕ್ರಮ ಮುಖ್ಯವೆನಿಸುತ್ತದೆ.

2. ಮೊದಲ ಕರ್ತವ್ಯ: ದತ್ತಾಂಶದ ಪ್ರತಿ

ದೋಷವನ್ನು ಹುಡುಕಲು ಕೈಹಾಕುವ ಮುನ್ನ ಲೆಕ್ಕದ ದತ್ತಾಂಶದ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ತೆಗೆದಿಡಬೇಕು. ಪ್ರತಿ ತೆಗೆದರಷ್ಟೇ ಸಾಲದು. ಇನ್ನೊಂದು ಯಂತ್ರದಲ್ಲಿ ಅದನ್ನು ತೆರೆದು ಅಂದಿನ ನಗದು ಶಿಲ್ಕು ಹೊಂದುತ್ತದೆಯೇ ಎಂದು ನೋಡಬೇಕು. ತೆರೆಯಲಾಗದ ಪ್ರತಿಯು ಪ್ರತಿಯೇ ಅಲ್ಲ.

ಇದು ವಿವೇಕದ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ 57ನೆಯ ನಿಯಮದಂತೆ ವಿದ್ಯುನ್ಮಾನ ಲೆಕ್ಕಗಳ ಸೂಕ್ತ ಪ್ರತಿಯನ್ನು ಇಟ್ಟುಕೊಂಡು, ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ಮೂಲ ನಾಶವಾದರೂ ಮಾಹಿತಿಯನ್ನು ಯುಕ್ತ ಅವಧಿಯಲ್ಲಿ ಮರಳಿ ಪಡೆಯುವಂತಿರಬೇಕು. ಅದೇ ಅಧಿನಿಯಮದ 36ನೆಯ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣಾಪತ್ರದ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಕಾಯ್ದಿಡಬೇಕು. ಕಂಪನಿಗಳಿಗಂತೂ 2022ರ ತಿದ್ದುಪಡಿಯಿಂದ ಪ್ರತಿದಿನದ ಪ್ರತಿ ಕಡ್ಡಾಯವಾಗಿದೆ. ‘ಯಂತ್ರ ಏಳಲಿಲ್ಲ’ ಎಂಬುದು ಪರಿಶೀಲನಾಧಿಕಾರಿಯ ಮುಂದೆ ಸಮರ್ಥನೆಯಾಗಲಾರದು.

3. ಲಕ್ಷಣವನ್ನು ಗುರುತಿಸುವುದು

‘ಯಂತ್ರ ಕೆಟ್ಟಿದೆ’ ಎಂಬ ದೂರಿನಿಂದ ತಂತ್ರಜ್ಞರಿಗೆ ಯಾವ ಸಹಾಯವೂ ಆಗುವುದಿಲ್ಲ. ಕೆಳಗಿನ ನಾಲ್ಕರಲ್ಲಿ ಯಾವುದು ಎಂದು ಬರೆದಿಟ್ಟುಕೊಳ್ಳಬೇಕು.

ಅ) ಫ್ಯಾನು ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಆಗ ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಬೇಕು. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎದ್ದಿದೆ, ಪರದೆ ಮಾತ್ರ ಬಂದಿಲ್ಲ ಎಂದರ್ಥ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಪ್ರಾರಂಭವಾಗುತ್ತದೆ. ಇದರಿಂದ ಪರದೆ ಮರಳಿದರೆ ದೋಷವು ಗ್ರಾಫಿಕ್ಸ್ ಕಡೆಗಿದೆ. ದೀಪ ಅಲುಗದಿದ್ದರೆ ಇಡೀ ಯಂತ್ರವೇ ಸ್ತಬ್ಧವಾಗಿದೆ.

ಆ) ಲಾಂಛನದಿಂದ ಹೊಸದಾಗಿ ಪ್ರಾರಂಭವಾಗುತ್ತದೆ. ಸ್ಮೃತಿಯ ವಿವರ ನಿದ್ರೆಯಲ್ಲಿಯೋ ಏಳುವ ಕ್ಷಣದಲ್ಲಿಯೋ ಅಳಿದಿದೆ. ಎಸ್‌ಎಂಪಿಎಸ್, ಯುಪಿಎಸ್, ರ‍್ಯಾಮ್, ಬಯೋಸ್ ಇವುಗಳ ಮೇಲೆ ಮೊದಲ ಸಂಶಯ.

ಇ) ನೀಲಿ ಪರದೆ ಬರುತ್ತದೆ. ಅದರಲ್ಲಿರುವ ಸಂಖ್ಯೆಯನ್ನು ಬರೆದುಕೊಳ್ಳಬೇಕು ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ಸಂಖ್ಯೆಯ ಕೊನೆಯಲ್ಲಿ 9ಎಫ್ ಇದ್ದರೆ ಯಾವುದೋ ಡ್ರೈವರ್ ವಿದ್ಯುತ್ ಸ್ಥಿತಿ ಬದಲಿಸಲು ವಿಫಲವಾಗಿದೆ. 7ಎ ಇದ್ದರೆ ಡಿಸ್ಕಿನಿಂದ ಓದಬೇಕಾದುದು ಓದಲಾಗಲಿಲ್ಲ. 116 ಇದ್ದರೆ ಗ್ರಾಫಿಕ್ಸ್. 124 ಇದ್ದರೆ ಯಂತ್ರಾಂಶದ ದೋಷ.

ಈ) ಎದ್ದು, ಗುಪ್ತಪದ ಕೊಟ್ಟ ಕೆಲವು ಕ್ಷಣಗಳ ನಂತರ ಸ್ತಬ್ಧವಾಗುತ್ತದೆ. ಡಿಸ್ಕ್, ಯುಎಸ್‌ಬಿ ಸಾಧನ ಅಥವಾ ನೆಟ್‌ವರ್ಕ್ ಡ್ರೈವರ್ ಸಮಯಕ್ಕೆ ಎಚ್ಚರಗೊಂಡಿಲ್ಲ.

ತಾಳೆಪಟ್ಟಿಯ ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು ಎಂದು ಲೆಕ್ಕಿಗರು ಸಂಶಯಿಸುತ್ತಾರೆ. ಆದರೆ ವೋಚರು ನೋಡದೆ ತಿದ್ದುವುದಿಲ್ಲ. ನೀಲಿ ಪರದೆಯ ಸಂಖ್ಯೆಯೂ ಅಂತಹುದೇ. ಅದು ಹುಡುಕಬೇಕಾದ ದಿಕ್ಕನ್ನು ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ.

4. ಮೂರು ಸ್ಥಿತಿಗಳ ಹೋಲಿಕೆ

ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ, ಅತಿ ಹೆಚ್ಚು ಫಲ ಕೊಡುವ ಪರೀಕ್ಷೆಯಿದು. ಒಂದೇ ಯಂತ್ರವನ್ನು ಒಮ್ಮೆ ನಿದ್ರೆಗೆ, ಒಮ್ಮೆ ಹೈಬರ್ನೇಟ್‌ಗೆ, ಒಮ್ಮೆ ಪೂರ್ಣ ಶಟ್‌ಡೌನಿಗೆ ಕಳುಹಿಸಿ ಹೋಲಿಸಬೇಕು. ಹೈಬರ್ನೇಟ್ ಆಯ್ಕೆಯು ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಯ್ಕೆಗಳಲ್ಲಿ ಅದನ್ನು ತೋರುವಂತೆ ಮಾಡಬಹುದು. ಡೆಸ್ಕ್‌ಟಾಪ್‌ಗಳಲ್ಲಿ ‘ಹೈಬ್ರಿಡ್ ಸ್ಲೀಪ್’ ಎಂಬ ಮಿಶ್ರವ್ಯವಸ್ಥೆಯೂ ಇರಬಹುದು. ನಿದ್ರೆಯ ಜೊತೆಗೆ ಡಿಸ್ಕಿಗೂ ಒಂದು ಪ್ರತಿ ಬರೆಯುವ ಈ ವ್ಯವಸ್ಥೆ ದಿನನಿತ್ಯಕ್ಕೆ ಒಳ್ಳೆಯದೇ. ಆದರೆ ಪರೀಕ್ಷೆಯ ವೇಳೆ ಅದು ದೋಷವನ್ನು ಮುಚ್ಚಿಡಬಲ್ಲುದರಿಂದ ತಾತ್ಕಾಲಿಕವಾಗಿ ನಿಲ್ಲಿಸಬೇಕು.

ಹೈಬರ್ನೇಟ್‌ನಿಂದ ಸರಿಯಾಗಿ ಎದ್ದು ನಿದ್ರೆಯಿಂದ ಮಾತ್ರ ಕುಸಿದರೆ, ನಿದ್ರೆಗೆ ಮಾತ್ರ ಬೇಕಾದ ಅಂಗಗಳಲ್ಲಿ ದೋಷವಿರುವ ಸಂಭವ ಹೆಚ್ಚು: ರ‍್ಯಾಮ್, ಸ್ಟ್ಯಾಂಡ್‌ಬೈ ವಿದ್ಯುತ್, ಬಯೋಸ್. ಎರಡರಿಂದಲೂ ಕುಸಿದರೆ, ಎರಡಕ್ಕೂ ಸಮಾನವಾದ ಡ್ರೈವರ್‌ಗಳ ಕಡೆಗೆ ನೋಡಬೇಕು. ಪೂರ್ಣ ಶಟ್‌ಡೌನಿನ ನಂತರವೂ ಪ್ರಾರಂಭವಾಗಲು ತಡವರಿಸಿದರೆ ಸಮಸ್ಯೆ ನಿದ್ರೆಯದಲ್ಲ. ಎಸ್‌ಎಂಪಿಎಸ್ ಅಥವಾ ಮದರ್‌ಬೋರ್ಡಿನ ಆರೋಗ್ಯವೇ ಕೆಟ್ಟಿರಬಹುದು.

5. ಯಂತ್ರ ತಾನೇ ಬರೆದಿಟ್ಟ ದಿನಚರಿ

ವಿಂಡೋಸಿನ ‘ಈವೆಂಟ್ ವ್ಯೂವರ್’ನಲ್ಲಿ ಸಿಸ್ಟಮ್ ವಿಭಾಗವನ್ನು ತೆರೆದರೆ ಪ್ರತಿ ಘಟನೆಯೂ ವೇಳೆಸಹಿತ ದಾಖಲಾಗಿರುವುದು ಕಾಣುತ್ತದೆ. ‘ಕರ್ನಲ್-ಪವರ್’ ಮೂಲದ 42 ಎಂಬ ನಮೂದು ನಿದ್ರೆಗೆ ಹೋದುದನ್ನೂ, ‘ಪವರ್-ಟ್ರಬಲ್‌ಶೂಟರ್’ ಮೂಲದ 1 ಎಂಬುದು ಎದ್ದುದನ್ನೂ ಹೇಳುತ್ತವೆ. ‘ಕರ್ನಲ್-ಪವರ್’ 41 ಎಂದರೆ ಯಂತ್ರ ಕ್ರಮಬದ್ಧವಾಗಿ ಮುಚ್ಚಿಕೊಳ್ಳದೆಯೇ ಪುನಃ ಪ್ರಾರಂಭವಾಯಿತು.

42ರ ನಂತರ 1 ಇಲ್ಲದೆ ನೇರವಾಗಿ 41 ಬಂದಿದ್ದರೆ ಯಂತ್ರ ವಿಂಡೋಸಿನ ಕೈಗೆ ಮರಳಲೇ ಇಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. 42, 1, ಅನಂತರ 41 ಎಂದಿದ್ದರೆ ಎದ್ದ ಮೇಲೆ ಬಿದ್ದಿದೆ. 41ರ ವಿವರದಲ್ಲಿ ‘ಬಗ್‌ಚೆಕ್ ಕೋಡ್’ ಸೊನ್ನೆಯಾಗಿದ್ದರೆ ವಿದ್ಯುತ್ ತಪ್ಪಿರುವ ಅಥವಾ ಯಂತ್ರ ಪೂರ್ಣ ಸ್ತಬ್ಧವಾಗಿರುವ ಸಾಧ್ಯತೆಯೂ, ಬೇರೆ ಸಂಖ್ಯೆಯಿದ್ದರೆ ನೀಲಿ ಪರದೆ ಬಂದಿತ್ತೆಂಬುದೂ ತಿಳಿಯುತ್ತದೆ.

ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ’ ಎಂಬ ಆಜ್ಞೆಗೆ ಓರೆಗೆರೆ ಹಾಗೂ ‘ಎ’ ಅಕ್ಷರ ಸೇರಿಸಿದರೆ ಆ ಯಂತ್ರಕ್ಕೆ ಯಾವ ಯಾವ ನಿದ್ರಾಸ್ಥಿತಿಗಳು ಲಭ್ಯವೆಂಬ ಪಟ್ಟಿ ಬರುತ್ತದೆ. ಓರೆಗೆರೆಯ ನಂತರ ‘ಲಾಸ್ಟ್‌ವೇಕ್’ ಎಂದು ಬರೆದರೆ ಯಂತ್ರವನ್ನು ಕೊನೆಯ ಬಾರಿ ಎಬ್ಬಿಸಿದ ಸಾಧನದ ಹೆಸರು ದೊರೆಯಬಹುದು. ರಾತ್ರಿ ಅಂಗಡಿ ಮುಚ್ಚಿದ ಮೇಲೂ ನೆಟ್‌ವರ್ಕ್ ಕಾರ್ಡ್ ಅಥವಾ ನಿಗದಿತ ಕಾರ್ಯವೊಂದು ಯಂತ್ರವನ್ನು ಎಬ್ಬಿಸುತ್ತಿರುವ ಸಂಗತಿ ಇದರಿಂದ ಬೆಳಕಿಗೆ ಬರುವುದುಂಟು.

6. ಒಂದು ಬಾರಿಗೆ ಒಂದೇ ಬದಲಾವಣೆ

ಅವಸರದಲ್ಲಿ ಡ್ರೈವರ್ ಬದಲಿಸಿ, ರ‍್ಯಾಮ್ ಒರೆಸಿ, ವಿಂಡೋಸನ್ನೂ ಹೊಸದಾಗಿ ಹಾಕಿದರೆ ಯಂತ್ರ ಸರಿಯಾದರೂ ಕಾರಣ ತಿಳಿಯದೆ ಉಳಿಯುತ್ತದೆ. ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ತಾಳೆಪಟ್ಟಿ ಹೊಂದಿಸಿದಂತೆ! ಖರ್ಚಿಲ್ಲದ, ಹಿಂತೆಗೆಯಬಹುದಾದ ಬದಲಾವಣೆಯಿಂದ ಪ್ರಾರಂಭಿಸಿ ಈ ಕ್ರಮದಲ್ಲಿ ಸಾಗುವುದು ಯೋಗ್ಯ.

ಮೊದಲಿಗೆ ಹೊರಗಿನ ಸಾಧನಗಳು: ಪೆನ್‌ಡ್ರೈವ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್. ಕೀಲಿಮಣೆ-ಮೌಸ್ ಬಿಟ್ಟು ಎಲ್ಲವನ್ನೂ ತೆಗೆದು ಪರೀಕ್ಷಿಸಬೇಕು. ದೋಷ ಮರೆಯಾದರೆ ಒಂದೊಂದಾಗಿ ಮರಳಿ ಜೋಡಿಸಬೇಕು. ಸಹಿಯ ಟೋಕನ್ನನ್ನು ಕೆಲಸ ಮುಗಿದೊಡನೆ ತೆಗೆದಿಡುವುದು ಭದ್ರತೆಯ ದೃಷ್ಟಿಯಿಂದಲೂ ಒಳ್ಳೆಯ ಅಭ್ಯಾಸ.

ಎರಡನೆಯದಾಗಿ ಡ್ರೈವರ್‌ಗಳು: ದೋಷವು ಯಾವುದಾದರೂ ಅಪ್‌ಡೇಟಿನ ನಂತರ ಪ್ರಾರಂಭವಾಗಿದ್ದರೆ ಹಿಂದಿನ ಡ್ರೈವರಿಗೆ ಮರಳಬೇಕು, ಇಲ್ಲವಾದರೆ ತಯಾರಕರ ಹೊಸ ಡ್ರೈವರನ್ನು ಹಾಕಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ ವಿಂಡೋಸ್ 11ಕ್ಕೆ ಏರಿಸಿದ ಯಂತ್ರಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯದಾಗಿ ಬಯೋಸ್: ಮೂಲ ಹೊಂದಿಕೆಗೆ ಮರಳಿಸಿ, ರ‍್ಯಾಮಿನ ವೇಗ ಹೆಚ್ಚಿಸುವ ‘ಎಕ್ಸ್‌ಎಂಪಿ’ ಇದ್ದರೆ ನಿಲ್ಲಿಸಬೇಕು. ಬಯೋಸನ್ನೇ ನವೀಕರಿಸುವುದಾದರೆ ಯುಪಿಎಸ್ ಸುಸ್ಥಿತಿಯಲ್ಲಿರಲೇಬೇಕು. ನಡುವೆ ವಿದ್ಯುತ್ ಹೋದರೆ ಮದರ್‌ಬೋರ್ಡೇ ನಿರುಪಯುಕ್ತವಾಗಬಹುದು.

ನಾಲ್ಕನೆಯದಾಗಿ ರ‍್ಯಾಮ್ ಮತ್ತು ಡಿಸ್ಕ್: ವಿಂಡೋಸಿನ ಮೆಮೊರಿ ಡಯಾಗ್ನೋಸ್ಟಿಕ್ ನಡೆಸಿ, ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಬೇಕು. ಕಾಳು-ಕಡಿ, ಗೊಬ್ಬರದ ಧೂಳಿರುವ ಅಂಗಡಿಗಳಲ್ಲಿ ರ‍್ಯಾಮಿನ ಸಂಪರ್ಕ ಸಡಿಲವಾಗುವುದುಂಟು. ಡಿಸ್ಕಿನ ಸ್ವಪರೀಕ್ಷಾ ವರದಿಯನ್ನೂ ನೋಡಬೇಕು.

ಐದನೆಯದಾಗಿ ವಿದ್ಯುತ್: ಯುಪಿಎಸ್‌ನ ಹಳೆಯ ಬ್ಯಾಟರಿ, ಸಡಿಲವಾದ ಪ್ಲಗ್, ಬೇಸಿಗೆಯಲ್ಲಿ ಒಣಗಿದ ಅರ್ಥಿಂಗ್ ಗುಂಡಿ, ಕೊನೆಗೆ ಎಸ್‌ಎಂಪಿಎಸ್. ಸ್ಟ್ಯಾಂಡ್‌ಬೈ ವೋಲ್ಟೇಜು 4.75ರಿಂದ 5.25ರ ನಡುವೆ ಇರಬೇಕು. ಇದನ್ನು ಅಳೆಯುವುದು ತಂತ್ರಜ್ಞರ ಕೆಲಸ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ವಿಂಡೋಸನ್ನು ಹೊಸದಾಗಿ ಹಾಕುವುದು ಎಲ್ಲಕ್ಕಿಂತ ಕೊನೆಯ ಉಪಾಯ.

ಪ್ರತಿ ಬದಲಾವಣೆಯ ನಂತರ ಎಷ್ಟು ಬಾರಿ ಪರೀಕ್ಷಿಸಬೇಕು? ಒಮ್ಮೆ ಸರಿಯಾಗಿ ಎದ್ದರೆ ದೋಷ ಹೋಯಿತೆಂದು ಹೇಳಲಾಗದು. ಯಂತ್ರ ಮೂರಕ್ಕೆ ಒಂದು ಬಾರಿ ಕುಸಿಯುತ್ತಿದೆ ಎಂದಿಟ್ಟುಕೊಂಡರೆ, ಯಾವ ರಿಪೇರಿಯೂ ಆಗದೆ ಅದು ಸತತ 5 ಬಾರಿ ಸರಿಯಾಗಿ ಏಳುವ ಸಂಭವ ಸುಮಾರು ಶೇ. 13, ಸತತ 10 ಬಾರಿಯಾದರೆ ಶೇ. 2ಕ್ಕಿಂತ ಕಡಿಮೆ, 12 ಬಾರಿಯಾದರೆ ಶೇ. 1ಕ್ಕಿಂತ ಕಡಿಮೆ. ಲೆಕ್ಕ ಪರಿಶೋಧನೆಯಲ್ಲಿ ನಮೂನೆಯ ಗಾತ್ರಕ್ಕಿರುವ ಮಹತ್ವ ಇಲ್ಲಿಯೂ ಇದೆ. ನಿದ್ರೆಯ ಅವಧಿಯೂ ಪ್ರತಿ ಬಾರಿ ಒಂದೇ ಆಗಿರಬೇಕು. ಎರಡು ನಿಮಿಷದ ನಿದ್ರೆಯಲ್ಲಿ ಕಾಣದ ದೋಷ ಒಂದು ಗಂಟೆಯ ನಿದ್ರೆಯಲ್ಲಿ ಕಾಣಬಹುದು.

7. ಉದಾಹರಣೆಯ ಪರಿಹಾರ

ಮೊದಲು ಹೇಳಿದ ಅಂಗಡಿಯ ಯಂತ್ರಕ್ಕೆ ಈ ಕ್ರಮವನ್ನು ಅನ್ವಯಿಸಿ ನೋಡಬಹುದು. ಮಾಲೀಕರು ಮೊದಲು ದತ್ತಾಂಶದ ಪ್ರತಿ ತೆಗೆದು, ಇನ್ನೊಂದು ಯಂತ್ರದಲ್ಲಿ ತೆರೆದು, ವಿವರಣಾಪತ್ರವನ್ನು ಅಲ್ಲಿಂದಲೇ ಸಲ್ಲಿಸಿ ಮುಗಿಸುತ್ತಾರೆ. ಅನಂತರ 100 ಪುಟದ ನೋಟುಬುಕ್ಕೊಂದರಲ್ಲಿ ದಿನಾಂಕ, ಬದಲಾವಣೆ, ನಿದ್ರೆಯ ಅವಧಿ, ಫಲಿತಾಂಶ ಎಂಬ ನಾಲ್ಕು ಅಂಕಣಗಳನ್ನು ಎಳೆಯುತ್ತಾರೆ.

ಲಕ್ಷಣ: ಒಂದು ಗಂಟೆಯ ನಿದ್ರೆಯ ನಂತರ ಸುಮಾರು ಮೂರಕ್ಕೆ ಒಂದು ಬಾರಿ ಲಾಂಛನದಿಂದ ಹೊಸದಾಗಿ ಪ್ರಾರಂಭ. ದಿನಚರಿ: 42, ಅದರ ಹಿಂದೆಯೇ 41, ಕೋಡ್ ಸೊನ್ನೆ. ಹೈಬರ್ನೇಟ್: 10ಕ್ಕೆ 10 ಬಾರಿ ಸರಿ. ಇಷ್ಟರಿಂದಲೇ ಡ್ರೈವರ್‌ಗಳ ಮೇಲಿನ ಸಂಶಯ ಬಹುಮಟ್ಟಿಗೆ ಇಳಿದು ರ‍್ಯಾಮ್, ಬಯೋಸ್ ಮತ್ತು ವಿದ್ಯುತ್ ಉಳಿಯುತ್ತವೆ. ಹೊರಗಿನ ಸಾಧನಗಳನ್ನು ತೆಗೆದರೂ ಕುಸಿತ. ಬಯೋಸ್ ಮೂಲ ಹೊಂದಿಕೆಗೆ ತಂದರೂ ಕುಸಿತ. ಎರಡು ರ‍್ಯಾಮ್ ಪಟ್ಟಿಗಳನ್ನು ಬೇರೆ ಬೇರೆಯಾಗಿ ಹಾಕಿದಾಗ ಎರಡರಲ್ಲಿಯೂ ಕುಸಿತ. ಯುಪಿಎಸ್ ಬಿಟ್ಟು ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸಿದರೂ ಕುಸಿತ. ಆರನೆಯ ಬದಲಾವಣೆಗೆ ತಂತ್ರಜ್ಞರು ಬಂದು ಸುಸ್ಥಿತಿಯಲ್ಲಿರುವ ಬೇರೊಂದು ಎಸ್‌ಎಂಪಿಎಸ್ ಜೋಡಿಸುತ್ತಾರೆ. ದಿನಕ್ಕೆ ಎರಡರಂತೆ ಆರು ದಿನ, 12 ಪರೀಕ್ಷೆ, ಒಂದೂ ಕುಸಿತವಿಲ್ಲ.

ಇಲ್ಲಿಗೆ ನಿಲ್ಲದೆ ಹಳೆಯ ಎಸ್‌ಎಂಪಿಎಸ್ಸನ್ನು ಒಮ್ಮೆ ಮರಳಿ ಜೋಡಿಸಿ ನೋಡಬೇಕು. ದೋಷ ಮರುಕಳಿಸಿದರೆ ಕಾರಣ ದೃಢವಾಯಿತು. ಮರುಕಳಿಸದಿದ್ದರೆ ಕನೆಕ್ಟರೊಂದು ಸಡಿಲವಾಗಿದ್ದು, ಬಿಚ್ಚಿ ಹಾಕುವಾಗ ಬಿಗಿಯಾಗಿರಬಹುದು. ಹೊಸ ಎಸ್‌ಎಂಪಿಎಸ್‌ನ ಖರ್ಚೇ ಬೇಕಾಗದಿರಬಹುದು. ಉದಾಹರಣೆಯಲ್ಲಿ ಅದು ಎರಡನೆಯ ಪ್ರಯತ್ನದಲ್ಲಿಯೇ ಮರುಕಳಿಸಿತು ಎನ್ನೋಣ. ಮದರ್‌ಬೋರ್ಡ್ ಬದಲಿಸುವ, ವಿಂಡೋಸ್ ಹೊಸದಾಗಿ ಹಾಕುವ ಖರ್ಚು ಹೀಗೆ ತಪ್ಪುತ್ತದೆ.

8. ನಿದ್ರೆಯು ಬೇಕೇ? ಲಾಭ-ನಷ್ಟದ ಲೆಕ್ಕ

ಪರದೆಯೂ ಸೇರಿ ಸುಮ್ಮನಿರುವಾಗ 60 ವ್ಯಾಟ್, ನಿದ್ರೆಯಲ್ಲಿ 3 ವ್ಯಾಟ್ ಬಳಸುವ ಯಂತ್ರವು ದಿನಕ್ಕೆ 4 ಗಂಟೆ ಸುಮ್ಮನಿರುತ್ತದೆ ಎಂದು ಇಟ್ಟುಕೊಂಡರೆ, 300 ದಿನಗಳಲ್ಲಿ ನಿದ್ರೆಯಿಂದ ಉಳಿಯುವುದು ಸುಮಾರು 68 ಯೂನಿಟ್. ಯೂನಿಟ್ಟಿಗೆ ರೂ. 8ರಂತೆ ವರ್ಷಕ್ಕೆ ಸುಮಾರು ರೂ. 547. ಅದರಲ್ಲಿ 20 ವ್ಯಾಟ್ ಪರದೆಯದಾಗಿದ್ದರೆ, ಪರದೆಯನ್ನು ಮಾತ್ರ ಆರಿಸುವುದರಿಂದಲೇ ರೂ. 192 ಉಳಿಯುತ್ತದೆ.

ಇನ್ನೊಂದು ಕಡೆ, ದತ್ತಾಂಶ ಕೆಟ್ಟು ಜಿಎಸ್‌ಟಿಆರ್-3ಬಿ 10 ದಿನ ತಡವಾಯಿತೆನ್ನೋಣ. ದಿನಕ್ಕೆ ರೂ. 50ರಂತೆ ವಿಳಂಬ ಶುಲ್ಕ ರೂ. 500. ನಗದಿನಲ್ಲಿ ಕಟ್ಟಬೇಕಾದ ತೆರಿಗೆ ರೂ. 60,000 ಇದ್ದರೆ ಶೇ. 18ರ ವಾರ್ಷಿಕ ದರದಲ್ಲಿ ಬಡ್ಡಿ ಸುಮಾರು ರೂ. 296. ಒಟ್ಟು ರೂ. 796. ಇಡೀ ವರ್ಷದ ಉಳಿತಾಯವು ಒಂದೇ ವಿಳಂಬದಲ್ಲಿ ಕರಗಿ ಹೋಗುತ್ತದೆ. ನಮೂದುಗಳನ್ನು ಪುನಃ ಬರೆಯುವ ಗುಮಾಸ್ತರ ಶ್ರಮವು ಈ ಲೆಕ್ಕದ ಹೊರಗಿದೆ.

ಆದುದರಿಂದ ದೋಷ ಪರಿಹಾರವಾಗುವವರೆಗೆ ನಿದ್ರೆಯ ಸ್ವಯಂಚಾಲಿತ ಅವಧಿಯನ್ನು ‘ನೆವರ್’ ಎಂದಿರಿಸಿ, ಪರದೆ ಮಾತ್ರ 5 ನಿಮಿಷಕ್ಕೆ ಆರುವಂತೆ ಮಾಡಿ, ಊಟದ ವೇಳೆಗೆ ಕಡತಗಳನ್ನು ಮುಚ್ಚಿ ಹೈಬರ್ನೇಟ್ ಅಥವಾ ಶಟ್‌ಡೌನ್ ಮಾಡುವುದು ಉಚಿತ. ಇತರ ಯಂತ್ರಗಳಿಗೆ ದತ್ತಾಂಶ ಒದಗಿಸುವ ಮುಖ್ಯ ಯಂತ್ರಕ್ಕಂತೂ ವ್ಯವಹಾರದ ವೇಳೆಯಲ್ಲಿ ನಿದ್ರೆ ಸಲ್ಲದು. ಅದು ಮಲಗಿದರೆ ಉಳಿದವುಗಳ ಸಂಪರ್ಕವೇ ಕಡಿದುಹೋಗುತ್ತದೆ.

ಹಾಗೆಂದು ನಿದ್ರೆಯನ್ನು ನಿಲ್ಲಿಸಿ ವಿಷಯವನ್ನು ಮರೆಯುವುದೂ ಸರಿಯಲ್ಲ. ಇಂದು ಏಳುವಾಗ ತಪ್ಪುವ ಎಸ್‌ಎಂಪಿಎಸ್ ನಾಳೆ ಬಿಲ್ಲು ಮಾಡುವಾಗಲೇ ತಪ್ಪಬಹುದು. ಇಂದು ತಡವಾಗಿ ಎಚ್ಚರಗೊಳ್ಳುವ ಡಿಸ್ಕು ನಾಳೆ ಎಚ್ಚರಗೊಳ್ಳದಿರಬಹುದು. ತಾಳೆಪಟ್ಟಿಯಲ್ಲಿ ಒಂದು ರೂಪಾಯಿಯ ವ್ಯತ್ಯಾಸವನ್ನೂ ಲೆಕ್ಕಿಗರು ಬಿಡದಿರುವುದು ಆ ರೂಪಾಯಿಯ ಆಸೆಗಲ್ಲ. ಅದರ ಹಿಂದೆ ಪರಸ್ಪರ ಹೊಡೆದುಹೋದ ಎರಡು ದೊಡ್ಡ ತಪ್ಪುಗಳು ಅಡಗಿರಬಹುದೆಂಬ ಎಚ್ಚರಿಕೆಗೆ. ಏಳಲು ತಡವರಿಸುವ ಯಂತ್ರವನ್ನೂ ವರ್ತಕರು ಅದೇ ಎಚ್ಚರಿಕೆಯಿಂದ ನೋಡಬೇಕು: ಮೊದಲು ಪ್ರತಿ, ಅನಂತರ ಲಕ್ಷಣ, ಆಮೇಲೆ ಒಂದೊಂದೇ ಬದಲಾವಣೆ, ಎಲ್ಲದಕ್ಕೂ ನೋಟುಬುಕ್ಕಿನಲ್ಲಿ ಒಂದು ಸಾಲು.